ಬೆಟಗೇರಿಯ ದೇವಾಲಯಕ್ಕೆ ಸ್ಟೇಜ್ ಮಾನಿಟರ್: ಒಂದು ಆಯ್ಕೆಯ ಪ್ರಕರಣ ಅಧ್ಯಯನ

ಗದಗ-ಬೆಟಗೇರಿಯ ಹಳೆಯ ಕ್ರೈಸ್ತ ದೇವಾಲಯವೊಂದರಲ್ಲಿ ರವಿವಾರದ ಆರಾಧನೆಗೆ ಹಾಡುವ ತಂಡದ ದೂರು ಒಂದೇ ಆಗಿತ್ತು: ಸಭೆಗೆಲ್ಲ ಕೇಳಿಸುವ ಹಾಡು ಹಾಡುವವರಿಗೇ ಕೇಳಿಸುವುದಿಲ್ಲ. ತಂಡದಲ್ಲಿ ಎಂಟು ಮಂದಿ ಗಾಯಕರು, ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ ಮತ್ತು ಒಂದು ಕೀಬೋರ್ಡ್ ಇದ್ದವು. ಸಭೆಯ ಕಮಿಟಿಯವರು 40,000 ರೂಪಾಯಿ ತೆಗೆದಿರಿಸಿ, ಹನ್ನೆರಡು ಇಂಚಿನ ಎರಡು ಮಾನಿಟರ್, ಅಂದರೆ ಹಾಡುವವರ ಕಡೆಗೇ ಮುಖ ಮಾಡಿ ಅವರ ಹಾಡನ್ನು ಅವರಿಗೇ ಕೇಳಿಸುವ ಸ್ಪೀಕರ್, ಕೊಳ್ಳಬೇಕೆಂದು ಠರಾವನ್ನೂ ಬರೆದು ಮುಗಿಸಿದ ಮೇಲೆ, ಹುಬ್ಬಳ್ಳಿಯಲ್ಲಿ ಧ್ವನಿವರ್ಧಕ ಜೋಡಣೆಯ ಕೆಲಸ ಮಾಡುವ ನನ್ನನ್ನು ಕರೆದರು. ಯಾವ ಕಂಪನಿಯದನ್ನು ತರಬೇಕೆಂದು ಹೇಳಿದರೆ ನನ್ನ ಕೆಲಸ ಮುಗಿಯಿತೆಂದು ಅವರು ತಿಳಿದಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ. ಅದು ಮೂರು ವಾರದ ಕೆಲಸವಾಯಿತು, ಮತ್ತು ಠರಾವಿನಲ್ಲಿ ಬರೆದ ಪೆಟ್ಟಿಗೆಗಳು ಆ ದೇವಾಲಯಕ್ಕೆ ಬಾಡಿಗೆಯ ಮೇಲೆ ಬಂದು ಹೋದವೇ ಹೊರತು ಅಲ್ಲಿ ಉಳಿಯಲಿಲ್ಲ.

ಮೊದಲು ಕಟ್ಟಡದ ಮಾತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಈ ಭಾಗದಲ್ಲಿ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಯಾದರು. ಆ ಪರಂಪರೆಯ ಹಳೆಯ ದೇವಾಲಯಗಳನ್ನು ಕಟ್ಟುವಾಗ ಮೈಕ್ ಎಂಬ ವಸ್ತುವೇ ಇರಲಿಲ್ಲ. ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು, ಕಾಲಡಿಯಲ್ಲಿ ಶಹಾಬಾದಿ ಫರಸಿ: ಬರಿಗಂಟಲಿನ ಪ್ರಸಂಗ, ಅಂದರೆ ಉಪದೇಶ, ಕೊನೆಯ ಬೆಂಚಿಗೂ ಮುಟ್ಟಬೇಕು, ನೂರು ಜನರ ಹಾಡು ಇನ್ನೂರು ಜನರದಂತೆ ತುಂಬಿಬರಬೇಕು ಎಂಬ ಉದ್ದೇಶಕ್ಕೆ ಇದು ಬಹಳ ಒಳ್ಳೆಯ ಏರ್ಪಾಡು. ಮೈಕು, ಸ್ಪೀಕರು ಬಂದ ಮೇಲೆ ಅದೇ ಗುಣ ತಿರುಗಿಬೀಳುತ್ತದೆ.

ವೇದಿಕೆಯಿಂದ ಹಿಂದಿನ ಗೋಡೆಯವರೆಗೆ ಟೇಪು ಹಿಡಿದಾಗ 60 ಅಡಿ ಬಂತು, ಅಂದರೆ ಸುಮಾರು 18 ಮೀಟರ್. ಮುಂದಿನ ಎರಡು ದೊಡ್ಡ ಬಾಕ್ಸುಗಳು ಸಭೆಯ ಕಡೆ ಮುಖ ಮಾಡಿವೆ, ಗಾಯಕರು ಅವುಗಳ ಬೆನ್ನಿಗೆ ನಿಲ್ಲುತ್ತಾರೆ. ಹೀಗಾಗಿ ಅವರ ಕಿವಿಗೆ ಬಾಕ್ಸಿನಿಂದ ನೇರವಾಗಿ ಬರುವುದು ಮಂದ್ರದ ಗುಂಗು ಮಾತ್ರ. ಮಾತು ತಿಳಿಯುವಂಥ ಮೇಲುಸ್ವರವೆಲ್ಲ ಹಿಂದಿನ ಗೋಡೆಗೆ ಬಡಿದು ಮರಳಿ ಬಂದದ್ದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆಯಾದ್ದರಿಂದ, ಹೋಗಿಬರುವ 36 ಮೀಟರಿಗೆ ಅದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 80 ಮಾತ್ರೆಯ ಲಯದಲ್ಲಿ ಹಾಡುವಾಗ ಇದು ಒಂದು ಮಾತ್ರೆಯ ಹೆಚ್ಚುಕಡಿಮೆ ಏಳನೆಯ ಒಂದು ಪಾಲು. ಗಾಯಕರು ತಮಗರಿವಿಲ್ಲದೆ ಆ ಮರುದನಿಗೆ ಕಾಯುತ್ತಾರೆ, ತಬಲಾದವನು ಕಾಯುವುದಿಲ್ಲ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹಾಡು ಹಿಂದೆ, ಠೇಕಾ ಮುಂದೆ. ಎರಡು ವರ್ಷದಿಂದ ಎಲ್ಲರೂ ಬೈಯುತ್ತಿದ್ದುದು ತಬಲಾದ ಹುಡುಗನನ್ನೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರೊಬ್ಬರ ಎದುರು ಕೂತು ವರ್ಷಗಟ್ಟಲೆ ಕೈ ತಿದ್ದಿಕೊಂಡವನು ಅವನು. ಅವನ ಲಯದಲ್ಲಿ ನನಗಂತೂ ದೋಷ ಕಾಣಲಿಲ್ಲ. ಖಜಾಂಚಿಯವರನ್ನು ವೇದಿಕೆಯ ನಡುವೆ ನಿಲ್ಲಿಸಿ ಒಂದು ಸಲ ಗಟ್ಟಿಯಾಗಿ ಚಪ್ಪಾಳೆ ಹೊಡೆಯಲು ಹೇಳಿದೆ. ಗೋಡೆ ಉತ್ತರ ಕೊಟ್ಟಿತು. ಆ ಮೇಲೆ ಹುಡುಗನ ಮೇಲಿನ ದೂರು ನಿಂತಿತು.

ವೇದಿಕೆಯ ಮೇಲೆ ಮಾನಿಟರ್ ಇರಲೇ ಇಲ್ಲವೆಂದಲ್ಲ. ಯಾರೋ ದಾನವಾಗಿ ಕೊಟ್ಟ ಹಳೆಯ ಬಾಕ್ಸೊಂದನ್ನು ಮೂಲೆಯಲ್ಲಿಟ್ಟು, ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರಿನ ಆಕ್ಸ್‌ಗೆ, ಅಂದರೆ ಮಾನಿಟರಿಗೆ ಧ್ವನಿ ಕಳಿಸುವ ಬೇರೆ ಔಟ್‌ಪುಟ್ಟಿಗೆ, ಜೋಡಿಸಿದ್ದರು. ಮುಖ್ಯ ಗಾಯಕಿ ಶಾಲೆಯ ಶಿಕ್ಷಕಿ, ತಂಡದವರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಅವರು ಹೇಳಿದ್ದು ಹೀಗೆ: "ಅಣ್ಣಾರ, ಅದನ್ನ ಏರಿಸಿದ್ರ ಕುಂಯ್ ಅಂತದ, ಇಳಿಸಿದ್ರ ಐತೋ ಇಲ್ಲೋ ಅನ್ನೂದ ತಿಳಿಯೂದಿಲ್ಲ." ಮಿಕ್ಸರ್ ನೋಡಿದಾಗ ಕಾರಣ ಎರಡಿದ್ದವು. ಈ ಮಿಕ್ಸರಿನಲ್ಲಿ ಆಕ್ಸ್ ತಿರುಗಣೆಯ ಪಕ್ಕದಲ್ಲೊಂದು ಚಿಕ್ಕ ಗುಂಡಿಯಿದೆ. ಅದು ಮೇಲೆದ್ದಿದ್ದರೆ ಫೇಡರ್ (ಸಭೆಗೆ ಹೋಗುವ ಧ್ವನಿಯನ್ನು ಏರಿಸಿ ಇಳಿಸುವ ಜಾರುಗುಂಡಿ) ದಾಟಿದ ಧ್ವನಿ ಮಾನಿಟರಿಗೆ ಹೋಗುತ್ತದೆ, ಒತ್ತಿದರೆ ಫೇಡರಿಗಿಂತ ಮುಂಚಿನದು. ಇಲ್ಲಿ ಅದು ಮೇಲೆದ್ದಿತ್ತು. ಸಭೆಯಲ್ಲಿ ಹಿಂದಿನವರಿಗೆ ಕೇಳಿಸಲಿ ಎಂದು ಮಿಕ್ಸರಿನವನು ಫೇಡರ್ ಏರಿಸಿದಾಗಲೆಲ್ಲ ಮಾನಿಟರೂ ಏರಿ, ಅದರ ಧ್ವನಿ ಮತ್ತೆ ಮೈಕಿಗೇ ಹೊಕ್ಕು ಕೂಗುತ್ತಿತ್ತು, ಅವನು ಗಾಬರಿಯಾಗಿ ಇಳಿಸಿದಾಗ ಗಾಯಕರಿಗೆ ಇದ್ದದ್ದೂ ಹೋಗುತ್ತಿತ್ತು. ಗುಂಡಿ ಒತ್ತಿದೆ. ಅದನ್ನು ಹಾಗೆಯೇ ಬಿಟ್ಟು ಹೊಸ ಬಾಕ್ಸ್ ತಂದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತಿತ್ತು.

ಎರಡನೆಯ ಕಾರಣ, ತೆರೆದಿದ್ದ ಮೈಕುಗಳ ಸಂಖ್ಯೆ. ಗಾಯಕರಿಗೆ ನಾಲ್ಕು, ಹಾರ್ಮೋನಿಯಂಗೆ ಒಂದು, ತಬಲಾಕ್ಕೆ ಎರಡು, ಜೊತೆಗೆ ಸಭಾಪಾಲಕರ ಪ್ರಸಂಗಪೀಠದ ಮೈಕ್ ಹಾಡಿನ ಹೊತ್ತಿನಲ್ಲೂ ತೆರೆದೇ ಇರುತ್ತಿತ್ತು: ಒಟ್ಟು ಎಂಟು. ತೆರೆದ ಮೈಕುಗಳು ಇಮ್ಮಡಿಯಾದಾಗಲೆಲ್ಲ ಕೂಗು ಹುಟ್ಟುವ ಮುನ್ನ ನಮಗೆ ಸಿಗುವ ಧ್ವನಿಯ ಜೋರು 3 ಡೆಸಿಬೆಲ್ (ಡೆಸಿಬೆಲ್ ಎಂದರೆ ಧ್ವನಿಯ ಜೋರಿನ ಅಳತೆ) ಕಡಿಮೆಯಾಗುತ್ತದೆ ಎಂಬುದು ಈ ಕೆಲಸದಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ಪೀಠದ ಮೈಕನ್ನು ಹಾಡಿನ ಹೊತ್ತಿಗೆ ಮುಚ್ಚಿ, ಗಾಯಕರನ್ನು ಎರಡು ಮೈಕಿನ ಸುತ್ತ ಅರ್ಧಚಂದ್ರವಾಗಿ ನಿಲ್ಲಿಸಿ, ತಬಲಾಕ್ಕೆ ಒಂದೇ ಮೈಕ್ ಇಟ್ಟಾಗ ನಾಲ್ಕು ಉಳಿದವು. ಆ 3 ಡೆಸಿಬೆಲ್ ಹೀಗೆ ಪುಕ್ಕಟೆಯಾಗಿ ಸಿಕ್ಕಿತು. ಅಂಗಡಿಯಲ್ಲಿ ಅಷ್ಟನ್ನು ಕೊಳ್ಳಬೇಕೆಂದರೆ ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾಗಬೇಕಾಗುತ್ತದೆ, ಹಾಗೆ ಕೊಂಡರೂ ಕೂಗು ತಪ್ಪುವುದಿಲ್ಲ.

ಇಷ್ಟಾದ ಮೇಲೂ ಮಾನಿಟರ್ ಬೇಕಿತ್ತು. ಖಜಾಂಚಿಯವರೂ ನಾನೂ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆಗೆ ಒಂದು ಮಧ್ಯಾಹ್ನ ತಿರುಗಾಡಿದೆವು. ಒಂದು ಅಂಗಡಿಯಲ್ಲಿ ಹದಿನೈದು ಇಂಚಿನ ಬಾಕ್ಸೊಂದರ ಮೇಲೆ ಕೈಯಿಟ್ಟು, "ಇದು ಸಾವಿರ ವ್ಯಾಟ್ ಐತ್ರಿ, ಚರ್ಚ್ ಬಿಡ್ರಿ, ಗ್ರೌಂಡ್ ತುಂಬಸ್ತದ" ಎಂದರು. ಖಜಾಂಚಿಯವರ ಕಣ್ಣು ಅರಳಿತು. ಆದರೆ ನಮ್ಮ ಅಡಚಣೆ ಇದ್ದದ್ದು ದೇವಾಲಯವನ್ನು ತುಂಬುವುದರಲ್ಲಲ್ಲ. ಅದು ಆಗಲೇ ತುಂಬಿ ತುಳುಕುತ್ತಿತ್ತು. ಇನ್ನು ಬಾಕ್ಸಿನ ಮೇಲೆ ಬರೆದ ಸಾವಿರ ವ್ಯಾಟ್ ಕ್ಷಣಮಾತ್ರದ ಗರಿಷ್ಠವೋ, ಸತತವಾಗಿ ಕೊಡಬಲ್ಲ ಶಕ್ತಿಯೋ ಎಂಬುದನ್ನು ಕೇಳದೆ ಆ ಅಂಕಿಗೆ ಬೆಲೆಯಿಲ್ಲ. ಬೆಲೆ ಕೊಟ್ಟರೂ, ಶಕ್ತಿ ಹತ್ತು ಪಟ್ಟಾದಾಗ 10 ಡೆಸಿಬೆಲ್ ಏರಿ ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ, ಅಷ್ಟೇ. ವ್ಯಾಟ್ ಹೆಚ್ಚಿಸಿ ಗೆಲ್ಲುವ ದಾರಿ ಬಹಳ ದುಬಾರಿಯದು.

ಅಗ್ಗದ ದಾರಿ ದೂರವನ್ನು ಕಡಿಮೆ ಮಾಡುವುದು, ಮತ್ತು ಈ ಪ್ರಕರಣ ತೀರ್ಮಾನವಾದದ್ದು ಅಲ್ಲಿಯೇ. ನೆಲದ ಮೇಲೆ ಓರೆಯಾಗಿ ಕೂರುವ ಹನ್ನೆರಡು ಇಂಚಿನ ಮಾನಿಟರನ್ನು ಗಾಯಕರ ಕಾಲಿನಿಂದ ಐದು ಅಡಿ ಮುಂದೆ ಇಟ್ಟರೆ, ನಿಂತವರ ಕಿವಿ ನೆಲದಿಂದ ಐದು ಅಡಿ ಎತ್ತರದಲ್ಲಿರುವುದರಿಂದ, ಸ್ಪೀಕರಿಗೂ ಕಿವಿಗೂ ನಡುವೆ ಓರೆಯಳತೆಯಲ್ಲಿ ಏಳು ಅಡಿ ಆಗುತ್ತದೆ. ಮೈಕ್ ಸ್ಟಾಂಡಿನ ಮೇಲೆಯೇ ಕೂರುವಂಥ ಚಿಕ್ಕ ಮಾನಿಟರನ್ನು ಎದೆಯೆತ್ತರಕ್ಕೆ ಏರಿಸಿದರೆ ಅದೇ ಅಂತರ ಎರಡೂವರೆ ಅಡಿ. ದೂರ ಅರ್ಧವಾದಾಗಲೆಲ್ಲ ನೇರ ಶಬ್ದ 6 ಡೆಸಿಬೆಲ್ ಏರುವ ನಿಯಮದಂತೆ, ಏಳು ಅಡಿಯಿಂದ ಎರಡೂವರೆ ಅಡಿಗೆ ಬಂದಾಗ ಸುಮಾರು 9 ಡೆಸಿಬೆಲ್ ದೊರೆಯುತ್ತದೆ. ವ್ಯಾಟಿನ ಭಾಷೆಯಲ್ಲಿ ಇದು ಎಂಟು ಪಟ್ಟು. ಐದು ಇಂಚಿನ ಚಿಕ್ಕ ಸ್ಪೀಕರ್ ಅದೇ ವ್ಯಾಟಿಗೆ ಹನ್ನೆರಡು ಇಂಚಿನದರಷ್ಟು ಗಟ್ಟಿಯಾಗಿ ನುಡಿಯುವುದಿಲ್ಲವಾದ್ದರಿಂದ ಈ ಲಾಭದಲ್ಲಿ ಒಂದು ಪಾಲು ಸೋರಿಹೋಗುತ್ತದೆ ಎಂಬುದನ್ನು ಕಮಿಟಿಗೆ ಬರೆದುಕೊಟ್ಟ ಟಿಪ್ಪಣಿಯಲ್ಲಿ ಮುಚ್ಚಿಡಲಿಲ್ಲ. ಆದರೆ ಉಳಿದ ಪಾಲಿನ ಜೊತೆಗೆ ಇನ್ನೊಂದು ಸಿಗುತ್ತದೆ: ಗಾಯಕರ ಕಿವಿಗೆ ಸಾಕಾಗುವಷ್ಟೇ ಶಬ್ದವನ್ನು ಹೊರಡಿಸುವ ಚಿಕ್ಕ ಪೆಟ್ಟಿಗೆಯಿಂದ ಹಾರ್ಮೋನಿಯಂ, ತಬಲಾದ ಮೈಕುಗಳಿಗೂ ಹಿಂದಿನ ಗೋಡೆಗೂ ತಲುಪುವ ಹೆಚ್ಚುವರಿ ಶಬ್ದ ಬಹಳ ಕಡಿಮೆ.

ಇಲ್ಲಿ ತಂಡದ ಕೀಬೋರ್ಡ್ ವಾದಕ ಒಂದು ಒಳ್ಳೆಯ ಆಕ್ಷೇಪ ಎತ್ತಿದ. ಮಾನಿಟರ್ ಕಿವಿಗೆ ಹತ್ತಿರವಾದರೆ ಮೈಕಿಗೂ ಹತ್ತಿರವಾಗುತ್ತದೆ, ಹಾಗಾದರೆ ಕೂಗು ಹೆಚ್ಚಾಗಬೇಕಲ್ಲವೇ? ಆಗುತ್ತದೆ, ಮೈಕಿನ ಕಿವುಡು ದಿಕ್ಕನ್ನು ಮರೆತರೆ. ಮುಂದಿನ ಶಬ್ದವನ್ನೇ ಹೆಚ್ಚಾಗಿ ಹಿಡಿಯುವ ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್, ಉದಾಹರಣೆಗೆ ಎಲ್ಲರೂ ಬಲ್ಲ ಶೂರ್ ಎಸ್‌ಎಂ58, ತನ್ನ ಬೆನ್ನಿನ ನೇರಕ್ಕೆ, ಅಂದರೆ 180 ಡಿಗ್ರಿಯಲ್ಲಿ, ಅತಿ ಕಡಿಮೆ ಕೇಳಿಸಿಕೊಳ್ಳುತ್ತದೆ. ಸೂಪರ್‌ಕಾರ್ಡಿಯಾಯ್ಡ್ ಜಾತಿಯದು ಬೆನ್ನಿನಲ್ಲಿ ಸ್ವಲ್ಪ ಕೇಳಿಸಿಕೊಂಡು, ಇಬ್ಬದಿಯಲ್ಲಿ 125 ಡಿಗ್ರಿಯ ಆಸುಪಾಸಿಗೆ ಕಿವುಡಾಗುತ್ತದೆ. ಇಲ್ಲಿ ಗಾಯಕರಿಗೆ ಉಳಿಸಿದ ಎರಡು ಮೈಕುಗಳಲ್ಲಿ ಒಂದು ಮೊದಲನೆಯ ಜಾತಿ, ಇನ್ನೊಂದು ಎರಡನೆಯದು. ಎರಡಕ್ಕೂ ಒಂದೇ ರೀತಿ ಮಾನಿಟರ್ ಇಟ್ಟಿದ್ದರೆ ಒಂದು ಖಂಡಿತ ಕೂಗುತ್ತಿತ್ತು. ಮೊದಲನೆಯ ಜಾತಿಯ ಇನ್ನೊಂದು ಮೈಕನ್ನು ತಬಲಾದ ಮುಂದಿನಿಂದ ತಂದು ಗಾಯಕರಿಗೆ ಕೊಟ್ಟು ಎರಡನ್ನೂ ಕಾರ್ಡಿಯಾಯ್ಡ್ ಮಾಡಿದೆವು, ಮಾನಿಟರ್ ಮೈಕಿನ ಬೆನ್ನಿಗೆ ಬಂತು. ಮೈಕಿನ ಜಾಲರಿಯ ಬುಡವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸವನ್ನು ಬಿಡಿಸುವುದು ಮಾತ್ರ ಸುಲಭವಾಗಲಿಲ್ಲ. ಹಾಗೆ ಮುಚ್ಚಿದಾಗ ಮೈಕ್ ದಿಕ್ಕಿನ ವಿವೇಕವನ್ನೇ ಕಳೆದುಕೊಂಡು ಸುತ್ತಲಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಕೊನೆಗೆ ಮೈಕನ್ನು ಸ್ಟಾಂಡಿನಿಂದ ತೆಗೆಯಕೂಡದೆಂದು ಅಕ್ಕೋರು ಶಾಲೆಯ ಧಾಟಿಯಲ್ಲಿ ಹೇಳಿದ ಮೇಲೆ ನಿಂತಿತು.

ಕಾಗದದ ಲೆಕ್ಕವನ್ನು ಕಮಿಟಿಯವರು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಒಂದು ಗುರುವಾರ ಸಂಜೆ ಗದಗಿನ ಮೈಕ್‌ಸೆಟ್‌ನವರಿಂದ ಹನ್ನೆರಡು ಇಂಚಿನ ಮಾನಿಟರೊಂದನ್ನು ಬಾಡಿಗೆಗೆ, ಧಾರವಾಡದ ಪರಿಚಿತ ಗಿಟಾರ್ ವಾದಕರೊಬ್ಬರಿಂದ ಐದೂಕಾಲು ಇಂಚಿನ ಚಿಕ್ಕದನ್ನು ಎರವಲು ತಂದೆವು. ಚಿಕ್ಕ ಮಾನಿಟರುಗಳಲ್ಲಿ ಬಲ್ಲವರು ಹೆಸರಿಸುವಂಥವು ಕೆಲವೇ. ಬೆಹ್ರಿಂಗರ್ ಬಿ205ಡಿ ಮತ್ತು ಮ್ಯಾಕಿ ಎಸ್‌ಆರ್‌ಎಂ150 ಎರಡರಲ್ಲಿಯೂ ಐದೂಕಾಲು ಇಂಚಿನ ಸ್ಪೀಕರ್, ಒಳಗೇ 150 ವ್ಯಾಟಿನ ಆಂಪ್ಲಿಫೈಯರ್, ಮುಂದೆಯೇ ಮೂರು ಚಾನೆಲ್ಲಿನ ಪುಟ್ಟ ಮಿಕ್ಸರ್ ಇರುತ್ತವೆ. ಗ್ಯಾಲಕ್ಸಿ ಆಡಿಯೊದ ಹಳೆಯ ಹಾಟ್ ಸ್ಪಾಟ್‌ನಲ್ಲಿ ಐದು ಇಂಚಿನ ಎರಡು ಸ್ಪೀಕರುಗಳಿದ್ದರೂ ಆಂಪ್ಲಿಫೈಯರನ್ನು ಬೇರೆ ಜೋಡಿಸಬೇಕು; ಅದನ್ನು ನೋಡಿಕೊಳ್ಳಲು ತಿಳಿದವನೊಬ್ಬ ಪ್ರತಿ ವಾರ ಬೇಕಾಗುವುದರಿಂದ ಈ ಸಭೆಗೆ ಅದು ಹೊಂದದು ಎನಿಸಿತು.

ಆ ಸಂಜೆ ಒಂದೇ ಹಾಡನ್ನು ಎರಡು ಮಾನಿಟರಿನ ಮುಂದೆ ಸರದಿಯಂತೆ ಹಾಡಿಸಿದೆವು. ದೊಡ್ಡದರಲ್ಲಿ ಗಾಯಕರಿಗೆ ಮೊದಲು ಬಹಳ ಸಂತೋಷವಾಯಿತು. ಧ್ವನಿ ತುಂಬಿತ್ತು, ಎದೆಗೆ ತಾಗುತ್ತಿತ್ತು. ಆದರೆ ಎರಡನೆಯ ಸಾಲಿನವರಿಗೂ ಕೇಳಿಸಲೆಂದು ಏರಿಸುತ್ತ ಹೋದಾಗ ಒಂದು ಹಂತದಲ್ಲಿ ತಗ್ಗಿದ ದನಿಯ ಗುಂಯ್‌ಗುಡುವಿಕೆ ಹುಟ್ಟಿತು. ನಮ್ಮ ಮಿಕ್ಸರಿನಲ್ಲಿ ಮೂರೇ ತಿರುಗಣೆಗಳ ಟೋನ್ ಕಂಟ್ರೋಲ್ ಇದ್ದದ್ದರಿಂದ ಆ ಕೂಗು ಯಾವ ಸ್ವರದ್ದೆಂದು ಹಿಡಿಯುವ ಉಪಕರಣವಿರಲಿಲ್ಲ. ಹಾರ್ಮೋನಿಯಂ ನುಡಿಸುವ ಹಿರಿಯರು, ಎಲ್ಲರ ಕಾಕಾ, ತಲೆಯೆತ್ತದೆ ಒಂದು ಕೀಲಿ ಒತ್ತಿ, "ಕಪ್ಪು ಐದು ನೋಡ್ರಿ" ಎಂದರು. ಸಪ್ತಕದ ಐದನೆಯ ಕಪ್ಪು ಕೀಲಿ ಎಂದು ಅರ್ಥ: 440 ಹರ್ಟ್ಸಿನ ಎ ಸ್ವರಕ್ಕಿಂತ ಅರ್ಧ ಸ್ವರ ಮೇಲೆ, ಅಂದರೆ 466ರ ಸುಮಾರು. ಇಷ್ಟು ಗೊತ್ತಾದ ಮೇಲೆ ಒಂದೊಂದೇ ಮೈಕ್ ಮುಚ್ಚುತ್ತ ಬಂದರೆ ಕಳ್ಳ ಸಿಕ್ಕಿದ್ದು ಹಾರ್ಮೋನಿಯಂನ ಮೈಕಿನಲ್ಲಿ. ಅದನ್ನು ಪೆಟ್ಟಿಗೆಯ ಹಿಂಬದಿಗೆ ತೀರ ಒಳಗೆ ತೂರಿಸಿಟ್ಟಿದ್ದರು, ಆ ಪೊಳ್ಳು ಅದೇ ಸ್ವರಕ್ಕೆ ಅನುರಣಿಸುತ್ತಿತ್ತು. ಒಂದು ಗೇಣು ಹೊರಗೆಳೆದ ಮೇಲೆ ತಗ್ಗಿತು. ಬೆಲೆಬಾಳುವ ಗ್ರಾಫಿಕ್ ಈಕ್ವಲೈಸರ್ ಮಾಡುವ ಕೆಲಸವನ್ನು ಕಾಕಾರ ಕಿವಿ ಮಾಡಿತೆಂದು ಇಲ್ಲಿ ದಾಖಲಿಸಲೇಬೇಕು.

ಚಿಕ್ಕದರ ಸರದಿ ಬಂದಾಗ ಮೊದಲ ಮಾತು, "ಇದರಾಗ ದಮ್ಮಿಲ್ಲ" ಎಂಬುದು. ಅದು ಸುಳ್ಳಲ್ಲ, ಐದೂಕಾಲು ಇಂಚಿನ ಸ್ಪೀಕರಿನಿಂದ ಮಂದ್ರ ಸ್ವರ ನಿರೀಕ್ಷಿಸುವಂತಿಲ್ಲ. ಆದರೆ ಆಗ ನಾವು ಸಭೆಯ ಕಡೆಯ ದೊಡ್ಡ ಬಾಕ್ಸುಗಳನ್ನು ಬಂದ್ ಮಾಡಿದ್ದೆವು. ಅವುಗಳನ್ನು ಹಚ್ಚಿದಾಗ ಅವುಗಳ ಹಿಂಬದಿಯಿಂದಲೇ ಬೇಕಾದಷ್ಟು ಮಂದ್ರ ವೇದಿಕೆಗೆ ಸುತ್ತಿಕೊಂಡು ಬಂತು, ಏಕೆಂದರೆ ತಗ್ಗಿನ ಸ್ವರಗಳು ದಿಕ್ಕು ನೋಡದೆ ಎಲ್ಲ ಕಡೆಗೂ ಹರಡುತ್ತವೆ. ಚಿಕ್ಕ ಮಾನಿಟರ್ ಅದರ ಮೇಲೆ ಅಕ್ಷರಗಳನ್ನಷ್ಟೇ ಸೇರಿಸಿತು, ಗಾಯಕರಿಗೆ ಇಲ್ಲವಾಗಿದ್ದದ್ದು ಅವೇ. ಮೂರನೆಯ ಹಾಡಿಗೆ ಹಿಂದೆ ಬೀಳುವುದು ನಿಂತಿತ್ತು. ಗುರುವಾರದ ಖಾಲಿ ದೇವಾಲಯದಲ್ಲಿ ಆದದ್ದು ರವಿವಾರ ಇನ್ನೂ ಸುಲಭವಾಯಿತು, ಬೆಂಚು ತುಂಬಿದ ಜನ ಮತ್ತು ಅವರ ಬಟ್ಟೆಬರೆಯೇ ಗೋಡೆಯ ಮರುದನಿಯನ್ನು ಸಾಕಷ್ಟು ಹೀರಿಕೊಂಡವು.

ಕಿವಿಯೊಳಗೇ ಇಟ್ಟುಕೊಳ್ಳುವ ಇನ್-ಇಯರ್ ಮಾನಿಟರ್ ತರೋಣವೆಂಬ ಸಲಹೆಯೂ ಬಂದಿತ್ತು. ಕೂಗಿನ ಸಮಸ್ಯೆಯನ್ನು ಬೇರುಸಹಿತ ಕೀಳುವುದು ಅದೊಂದೇ ಎಂಬುದನ್ನು ಒಪ್ಪುತ್ತೇನೆ. ಆದರೆ ಎಂಟು ಜನರಿಗೆ ಎಂಟು ಬೇಕು, ಬ್ಯಾಟರಿ ನೋಡಿಕೊಳ್ಳಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಭೆಯೊಂದಿಗೆ ಕೂಡಿ ಹಾಡುವವರ ಕಿವಿಯನ್ನು ಸಭೆಗೇ ಮುಚ್ಚಿದಂತಾಗುತ್ತದೆ. ಅಕ್ಕೋರು ಬೇಡವೆಂದರು, ನಾನು ಎರಡನೆಯ ಮಾತಾಡಲಿಲ್ಲ.

ಎರಡು ಚಿಕ್ಕ ಮಾನಿಟರ್ ಕೊಂಡೆವು. ಅಂಗಡಿಯಲ್ಲಿ ನೋಡಿಕೊಂಡ ಸಂಗತಿಗಳಲ್ಲಿ ಧ್ವನಿಗೆ ಸಂಬಂಧಪಟ್ಟವು ಕಡಿಮೆ, ಬಳಕೆಗೆ ಸಂಬಂಧಪಟ್ಟವೇ ಹೆಚ್ಚು: ವಾಲ್ಯೂಮ್ ತಿರುಗಣೆ ಗಾಯಕರ ಕೈಗೆ ಸಿಗುವಂತೆ ಮುಂದಿದೆಯೇ, ಒಂದರಿಂದ ಇನ್ನೊಂದಕ್ಕೆ ಸಂಕೇತ ದಾಟಿಸುವ ಔಟ್‌ಪುಟ್ ಇದೆಯೇ, 230 ವೋಲ್ಟಿಗೆ ಹೊಂದಿಸಿದ್ದೇ, ಕೆಟ್ಟರೆ ಹುಬ್ಬಳ್ಳಿಯಲ್ಲಿಯೇ ರಿಪೇರಿಯಾಗುತ್ತದೆಯೇ. ಸ್ಟಾಂಡಿನ ತಿರುಪು 5/8 ಇಂಚಿನದೋ 3/8 ಇಂಚಿನದೋ ಎಂದು ನೋಡದೆ ತಂದು ಒಂದು ಅಡಾಪ್ಟರಿಗಾಗಿ ಮತ್ತೆ ಹುಬ್ಬಳ್ಳಿಗೆ ಹೋದದ್ದು ನನ್ನದೇ ತಪ್ಪು. ಅಗ್ಗದ ಹಗುರ ಸ್ಟಾಂಡಿನ ಮೇಲೆ ಆ ತೂಕ ಕೂರಿಸಿದರೆ ಚಿಕ್ಕ ಮಕ್ಕಳು ಓಡಾಡುವ ಜಾಗದಲ್ಲಿ ಅದು ಎಂದಾದರೂ ಬೀಳುವುದೇ ಸರಿ. ಭಾರದ ದುಂಡು ಬುಡದ ಸ್ಟಾಂಡುಗಳನ್ನೇ ಕೊಂಡೆವು.

ಮೊದಲ ದಿನ ಹಚ್ಚಿದಾಗ 50 ಹರ್ಟ್ಸಿನ ಗುಂಗು ಕಿವಿಗಡಚಿಕ್ಕುವಂತೆ ಬಂತು. ಮಿಕ್ಸರ್ ಒಂದು ಬೋರ್ಡಿನಿಂದಲೂ ಮಾನಿಟರುಗಳು ವೇದಿಕೆಯ ಆಚೆ ಬದಿಯ ಬೋರ್ಡಿನಿಂದಲೂ ಕರೆಂಟ್ ಪಡೆಯುತ್ತಿದ್ದವು. ಎರಡು ಅರ್ಥಿಂಗುಗಳ ನಡುವೆ ಕೇಬಲ್ಲಿನ ಮೂಲಕ ಸುತ್ತು ಬಿದ್ದಿತ್ತು. ಹಿಂದೊಮ್ಮೆ ಇಂಥದೇ ಗುಂಗು ಬಂದಾಗ ಕೀಬೋರ್ಡಿನ ಆಂಪ್ಲಿಫೈಯರಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನೇ ಯಾರೋ ಕಿತ್ತುಹಾಕಿದ್ದರು. ಗುಂಗು ಹೋಗಿತ್ತು, ಅದರ ಜೊತೆಗೆ ನುಡಿಸುವವನ ಪ್ರಾಣಕ್ಕಿದ್ದ ಕಾವಲೂ ಹೋಗಿತ್ತು. ಆ ಪ್ಲಗ್ ಬದಲಿಸುವವರೆಗೆ ಬೇರೆ ಕೆಲಸ ಮುಟ್ಟುವುದಿಲ್ಲವೆಂದು ಹಟ ಹಿಡಿದೆ. ಆ ಮೇಲೆ ಎಲ್ಲವನ್ನೂ ಒಂದೇ ಬೋರ್ಡಿಗೆ ತಂದು, ಮಾನಿಟರುಗಳಿಗೆ ಹೊರಗಿನ ಗುಂಗನ್ನು ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಎಳೆದು, ಕೀಬೋರ್ಡಿನ ಸಂಕೇತವನ್ನು ಅಂಥ ಕೇಬಲ್ಲಿಗೆ ಹೊಂದಿಸುವ ಒಂದು ಡಿಐ ಬಾಕ್ಸ್ ಹಾಕಿದಾಗ ಸದ್ದಡಗಿತು. 40,000ದಲ್ಲಿ ಮಾನಿಟರುಗಳ ಜೊತೆಗೆ ಸ್ಟಾಂಡು, ಕೇಬಲ್, ಡಿಐ ಬಾಕ್ಸ್ ಎಲ್ಲವೂ ಆಗಿ ಸ್ವಲ್ಪ ಹಣ ಉಳಿಯಿತು.

ಮಾನಿಟರಿನೊಳಗೆ ಏನನ್ನು ಹಾಕಬೇಕೆಂಬುದಕ್ಕೆ ಪೆಟ್ಟಿಗೆಯ ಆಯ್ಕೆಗಿಂತ ಹೆಚ್ಚು ಚರ್ಚೆಯಾಯಿತು. ಪ್ರತಿಯೊಬ್ಬರೂ ಎಲ್ಲವನ್ನೂ ಕೇಳಿದರು. ಕಾಕಾರಿಗೆ ತಮ್ಮ ಹಾರ್ಮೋನಿಯಂ ಮಡಿಲಲ್ಲೇ ಇರುವಾಗ ಮಾನಿಟರಿನಲ್ಲಿ ಅದರ ಅಗತ್ಯವೇನೆಂದು ಕೇಳಿದಾಗ ನಕ್ಕು ಬಿಟ್ಟುಕೊಟ್ಟರು. ಗಾಯಕರ ಮಾನಿಟರಿಗೆ ಅಕ್ಕೋರ ಧ್ವನಿ ಮತ್ತು ಶ್ರುತಿಗಾಗಿ ಸ್ವಲ್ಪ ಹಾರ್ಮೋನಿಯಂ, ಅಷ್ಟೇ ಹೋಯಿತು. ಮಿಕ್ಸರಿನಲ್ಲಿ ಆಕ್ಸ್ ಒಂದೇ ಇದ್ದದ್ದರಿಂದ ಕೂತವರ ಮಾನಿಟರಿಗೂ ಅದೇ ಮಿಶ್ರಣವನ್ನು ದಾಟಿಸಬೇಕಾಯಿತು. ಗಿಡ್ಡ ಸ್ಟಾಂಡಿನ ಮೇಲೆ, ಕಾಕಾ ಮತ್ತು ತಬಲಾದವನ ನಡುವೆ, ಕಡಿಮೆ ವಾಲ್ಯೂಮಿನಲ್ಲಿ ಅದನ್ನು ಇಟ್ಟೆವು. ತಬಲಾದ ಹುಡುಗನಿಗೆ ತನ್ನ ಡಗ್ಗಾದ ಘುಂಕಾರವೂ ಮಾನಿಟರಿನಲ್ಲಿ ಬೇಕಿತ್ತು. ಅದನ್ನು ಕೊಟ್ಟರೆ ಇಷ್ಟು ಚಿಕ್ಕ ಯಾವ ಸ್ಪೀಕರೇ ಆಗಲಿ ಫಟಫಟ ಹೊಡೆದುಕೊಳ್ಳುತ್ತದೆ, ಹಾಗಾಗಿ ಕೊಡಲಿಲ್ಲ. ಅವನ ಈ ಅಸಮಾಧಾನ ಇಂದಿಗೂ ಉಳಿದಿದೆ, ಅದು ನ್ಯಾಯವಾದದ್ದೇ.

ಇನ್ನೊಂದು ಮಿತಿ ಸುಗ್ಗಿಹಬ್ಬದ ದಿನ ಕಂಡಿತು. ಆ ದಿನ ಕಾರ್ಯಕ್ರಮ ಅಂಗಳದಲ್ಲಿ, ಪೆಂಡಾಲಿನ ಕೆಳಗೆ. ಹೊರಗೆ ಮರುದನಿಯ ಕಾಟವಿಲ್ಲ, ಆದರೆ ಜನರ ಗದ್ದಲ, ಜನರೇಟರು, ಗಟ್ಟಿಯಾಗಿ ಇಟ್ಟ ದೊಡ್ಡ ಬಾಕ್ಸುಗಳು. ಚಿಕ್ಕ ಮಾನಿಟರುಗಳ ದನಿ ಅದರಲ್ಲಿ ಕರಗಿಹೋಯಿತು. ಉಳಿದ ಹಣದಲ್ಲಿ ಆ ಒಂದು ದಿನಕ್ಕೆ ಹನ್ನೆರಡು ಇಂಚಿನ ಮಾನಿಟರುಗಳನ್ನು ಬಾಡಿಗೆಗೆ ತರಿಸಿದರು, ವರ್ಷಕ್ಕೆರಡು ಸಲ ಹಾಗೆಯೇ ಮಾಡುವುದೆಂದು ಕಮಿಟಿ ಹೊಸ ಠರಾವು ಬರೆದಿದೆ. ಒಳಗಿನ ಸ್ಟಾಂಡುಗಳು ನಿಲ್ಲಬೇಕಾದ ಜಾಗಕ್ಕೆ ನಾನು ಫರಸಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದೆ. ಶನಿವಾರ ಕಸ ಹೊಡೆದು ಒರೆಸುವಾಗ ಅದು ಅಳಿಸಿಹೋಗುತ್ತಿದೆಯೆಂದು ಅಕ್ಕೋರು ಈಗ ಅಲ್ಲಿ ಬಣ್ಣದ ಟೇಪು ಅಂಟಿಸಿದ್ದಾರೆ.